ಘಾಟಿ ಇಳಿಯುವ ಬೈಕಿಗೆ ನಾನು ಬ್ರೇಕ್ ಪ್ಯಾಡ್ ಆರಿಸಿದ ಬಗೆ

ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಸಂಪಾಜೆಯ ಕಡೆಗೆ ಇಳಿಯುವ ಬೈಕಿನ ಬ್ರೇಕಿಗೆ ಒಂದಕ್ಕೊಂದು ವಿರುದ್ಧವಾದ ಎರಡು ಪರೀಕ್ಷೆಗಳಿವೆ. ಮುಂಗಾರಿನ ಬೆಳಿಗ್ಗೆ ತೊಯ್ದು ತಣ್ಣಗಾದ ಡಿಸ್ಕನ್ನು, ಅಂದರೆ ಚಕ್ರದೊಂದಿಗೆ ತಿರುಗುವ ಲೋಹದ ಬಿಲ್ಲೆಯನ್ನು, ಅದು ಮೊದಲ ಒತ್ತಿಗೇ ಹಿಡಿಯಬೇಕು. ಮಳೆಯಿಲ್ಲದ ದಿನಗಳಲ್ಲಿ ತಿರುವಿನ ಮೇಲೆ ತಿರುವು ಬಂದು ಡಿಸ್ಕ್ ಕಾದ ಮೇಲೂ ಹಿಡಿತ ಸಡಿಲಿಸಬಾರದು. ನನ್ನ ಬೈಕಿಗೆ ಮುಂದೆಯೂ ಹಿಂದೆಯೂ ಡಿಸ್ಕ್ ಇದೆ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ತೋಟಕ್ಕೆ ಹೋಗುವ ಕೆಸರು ದಾರಿಗೂ ಘಾಟಿಗೂ ಇದೊಂದೇ ಗಾಡಿಯಾದ್ದರಿಂದ, ಡಿಸ್ಕನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಪ್ಯಾಡ್ ಬದಲಿಸುವ ಕಾಲ ಬಂದಾಗ ಅಂಗಡಿಯವರು ಕೊಟ್ಟದ್ದನ್ನು ಹಾಕಿಕೊಳ್ಳುವ ಬದಲು ಕೂತು ಯೋಚಿಸಿ ಆರಿಸಿದೆ.

ಮೊದಲು ಹಳೆಯ ಪ್ಯಾಡುಗಳನ್ನು ಬಿಚ್ಚಿ ನೋಡಿದೆ. ಸವೆತದ ಗುರುತಿಗಾಗಿ ಕೊರೆದಿರುವ ಗೀರು ಅಳಿಯುವ ಹಂತಕ್ಕೆ ಬಂದಿತ್ತು. ಘರ್ಷಣೆಯ ಪದರ ಸುಮಾರು 1 ಮಿಲಿಮೀಟರಿಗೆ ಇಳಿಯುವವರೆಗೂ ಕಾಯುವುದು ಘಾಟಿಯ ಊರಿನಲ್ಲಿ ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಜೋಡಿಯಲ್ಲಿ ಒಂದು ಪ್ಯಾಡು ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿ ಕೆಸರು ಕೂತು ಬಿಗಿದಾಗ ಹೀಗಾಗುತ್ತದೆ, ಆಗ ಎಷ್ಟು ಬೆಲೆಯ ಪ್ಯಾಡು ಹಾಕಿದರೂ ಅದೂ ಓರೆಯಾಗಿಯೇ ಸವೆಯುತ್ತದೆ. ಪಿನ್ನುಗಳನ್ನು ಒರೆಸಿ, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಹಚ್ಚಿದ ಮೇಲೆಯೇ ಹೊಸ ಪ್ಯಾಡಿನ ವಿಚಾರಕ್ಕೆ ಬಂದೆ.

ಪೇಟೆಯಲ್ಲಿ ಸಿಗುವ ಪ್ಯಾಡುಗಳು ಮುಖ್ಯವಾಗಿ ಮೂರು ಬಗೆ. ನಾರು ಮತ್ತು ರಾಳ ಬೆರೆಸಿ ಮಾಡಿದ ಆರ್ಗ್ಯಾನಿಕ್ ಪ್ಯಾಡು ಸದ್ದಿಲ್ಲದೆ, ಮೆತ್ತಗೆ ಹಿಡಿಯುತ್ತದೆ, ಡಿಸ್ಕನ್ನು ಕಡಿಮೆ ಸವೆಸುತ್ತದೆ. ಆದರೆ ಒದ್ದೆಯಾದಾಗ ಮೊದಲ ಹಿಡಿತ ಮಂದವಾಗುತ್ತದೆ, ಉದ್ದದ ಇಳಿಜಾರಿನಲ್ಲಿ ಅತಿಯಾಗಿ ಕಾದರೆ ಮೇಲ್ಮೈ ಗಾಜಿನಂತೆ ಹೊಳಪುಗಟ್ಟಿ ಜಾರತೊಡಗುತ್ತದೆ. ಲೋಹದ ಪುಡಿಯನ್ನು ಒತ್ತಡ ಮತ್ತು ಶಾಖದಿಂದ ಬೆಸೆದು ಮಾಡಿದ ಸಿಂಟರ್ಡ್ ಪ್ಯಾಡು ಮಳೆಯಲ್ಲಿಯೂ ಕಾದಾಗಲೂ ಹೆಚ್ಚು ನಂಬಿಕೆಗೆ ಅರ್ಹ, ಬಾಳಿಕೆಯೂ ಹೆಚ್ಚು. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಡಿಸ್ಕಿನ ಸವೆತ, ಸ್ವಲ್ಪ ಸದ್ದು, ಮತ್ತು ಬಹಳ ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ: ಲೋಹವು ಶಾಖವನ್ನು ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೂ ಅದರ ಹಿಂದಿನ ಬ್ರೇಕ್ ದ್ರವಕ್ಕೂ ಬೇಗ ದಾಟಿಸುತ್ತದೆ. ಇವೆರಡರ ನಡುವಿನದು ಸೆಮಿ ಮೆಟಾಲಿಕ್.

ಕೆಲವು ಪ್ಯಾಡುಗಳ ಹಿಂಬದಿಯ ತಗಡಿನ ಮೇಲೆ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಉಷ್ಣತೆಯ ಘರ್ಷಣಾಂಕವನ್ನೂ (ಹಿಡಿತದ ಅಳತೆ) ಎರಡನೆಯದು ಕಾದಾಗಿನ ಘರ್ಷಣಾಂಕವನ್ನೂ ಸೂಚಿಸುತ್ತವೆ. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ 0.55ಕ್ಕಿಂತ ಹೆಚ್ಚು. ಎರಡೂ ಅಕ್ಷರ ಒಂದೇ ಆಗಿದ್ದರೆ ಕಾದ ಮೇಲೂ ಹಿಡಿತ ಅದೇ ವರ್ಗದಲ್ಲಿ ಉಳಿಯುತ್ತದೆ ಎಂದರ್ಥ. ಮಳೆಯಲ್ಲಿ ಹೇಗಿರುತ್ತದೆ, ಎಷ್ಟು ಬಾಳುತ್ತದೆ ಎಂಬುದನ್ನು ಈ ಅಕ್ಷರಗಳು ಹೇಳುವುದಿಲ್ಲ; ಆದ್ದರಿಂದ ಎಚ್‌ಎಚ್ ಎಂದು ಬರೆದಿದ್ದ ಮಾತ್ರಕ್ಕೆ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ಮುಂದಕ್ಕೆ ಸಿಂಟರ್ಡ್, ಹಿಂದಕ್ಕೆ ಆರ್ಗ್ಯಾನಿಕ್ ಆರಿಸಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಹೆಚ್ಚಾಗಿ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಗಾಡಿ ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಬ್ರೇಕಿನದು, ಮತ್ತು ಅಲ್ಲಿ ಎಬಿಎಸ್ ಕಾಯುತ್ತದೆ. ಹಗುರವಾದ ಹಿಂದಿನ ಚಕ್ರಕ್ಕೆ ಆ ರಕ್ಷಣೆಯಿಲ್ಲ. ಸಿಲ್ವರ್ ಓಕ್ ಎಲೆ ಉದುರಿ ಒದ್ದೆಯಾಗಿ ಅಂಟಿಕೊಂಡ ರಸ್ತೆಯಲ್ಲಿ ಹಿಂದಿನ ಪ್ಯಾಡು ಥಟ್ಟನೆ ಕಚ್ಚಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ಹೋಗುತ್ತದೆ. ಅಲ್ಲಿ ಮೆತ್ತಗಿನ ಹಿಡಿತವೇ ಲೇಸು. ಕೊಳ್ಳುವ ಮೊದಲು ಬೈಕಿನ ಕೈಪಿಡಿಯನ್ನೂ ನೋಡಿದೆ, ಏಕೆಂದರೆ ಸಿಂಟರ್ಡ್ ಪ್ಯಾಡು ಸ್ಟೇನ್‌ಲೆಸ್ ಸ್ಟೀಲ್ ಡಿಸ್ಕಿಗೆ ಹೊಂದುತ್ತದೆಯೇ ಹೊರತು ಎರಕದ ಕಬ್ಬಿಣದ ಡಿಸ್ಕಿಗಲ್ಲ. ಡಿಸ್ಕಿನ ಮೇಲೆಯೇ ಅಚ್ಚಾಗಿರುವ ಕನಿಷ್ಠ ದಪ್ಪದೊಂದಿಗೆ ಅಳತೆಯನ್ನು ಹೋಲಿಸಿ, ಸವೆಯಲು ಇನ್ನೂ ಸಾಕಷ್ಟು ಉಳಿದಿದೆಯೆಂದು ಖಚಿತಪಡಿಸಿಕೊಂಡೆ.

ಅಂಗಡಿಗೆ ಹಳೆಯ ಪ್ಯಾಡುಗಳನ್ನು ಒಯ್ದು ಆಕಾರ, ಪಿನ್ನಿನ ರಂಧ್ರ, ತಗಡಿನ ದಪ್ಪ ಎಲ್ಲವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅಂಚಿನಲ್ಲಿ ಪದರವು ತಗಡಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೂ ಅಂಥ ಪ್ಯಾಡು ಬೇಡ. ತೀರಾ ಅಗ್ಗದ, ತಯಾರಕರ ಹೆಸರಿಲ್ಲದ ಪೊಟ್ಟಣಗಳನ್ನು ನಾನು ಮುಟ್ಟಲಿಲ್ಲ.

ಜೋಡಿಸುವಾಗ ಪಿಸ್ಟನ್ನಿನ ಹೊರಮೈಯನ್ನು ಶುಚಿಗೊಳಿಸಿಯೇ ಒಳಕ್ಕೆ ತಳ್ಳಿದೆ. ಕೆಸರಿನ ಸಮೇತ ತಳ್ಳಿದರೆ ಸೀಲು ಹರಿಯುತ್ತದೆ. ಶಾಖದ ಮಾತು ನೆನಪಿಟ್ಟು ದ್ರವವನ್ನೂ ಬದಲಿಸಿದೆ. ಡಾಟ್ 4 ದರ್ಜೆಯ ಬ್ರೇಕ್ ದ್ರವದ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲೆ ಅದರ ಮಿತಿ 155. ಗಾಳಿಯಲ್ಲೇ ನೀರು ತುಂಬಿರುವ ಕೊಡಗಿನ ಮಳೆಗಾಲದಲ್ಲಿ ಈ ಅಂತರ ದೊಡ್ಡದು. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದರೆ ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಟೊಳ್ಳಾಗಿ ಹೋಗುತ್ತದೆ. ಹೊರಡುವ ಮುನ್ನ, ಲಿವರ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಟ್ಟೆ.

ಹೊಸ ಪ್ಯಾಡನ್ನು ನೇರವಾಗಿ ಘಾಟಿಗೆ ಇಳಿಸಬಾರದು. ಕುಶಾಲನಗರದ ಕಡೆಯ ಸಮತಟ್ಟಾದ ರಸ್ತೆಯಲ್ಲಿ, ಹಿಂದೆ ಗಾಡಿಗಳಿಲ್ಲದಾಗ, 50 ಕಿಲೋಮೀಟರ್ ವೇಗದಿಂದ 10ಕ್ಕೆ ಹದವಾಗಿ ಇಳಿಸುವುದನ್ನು ಮತ್ತೆ ಮತ್ತೆ ಮಾಡಿದೆ, ನಡುವೆ ಡಿಸ್ಕ್ ಆರಲು ಬಿಟ್ಟೆ, ಕಾದ ಡಿಸ್ಕನ್ನು ಒತ್ತಿಹಿಡಿದು ನಿಲ್ಲಲಿಲ್ಲ. ಪ್ಯಾಡಿನ ತೆಳುವಾದ ಪದರ ಡಿಸ್ಕಿನ ಮೇಲೆ ಸಮನಾಗಿ ಕೂತ ಮೇಲೆಯೇ ಪೂರ್ಣ ಹಿಡಿತ ಬಂದದ್ದು. ಮಳೆ ಹಿಡಿದ ಬಳಿಕ ಸಂಪಾಜೆ ಇಳಿಯುವಾಗ ಎರಡು ಬೆರಳಿನ ಒತ್ತಿಗೆ ಮುಂದಿನ ಚಕ್ರ ತಡವಿಲ್ಲದೆ ಓಗೊಡುತ್ತಿದೆ. ಆದರೂ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯನ್ನು ಬಳಸಿಯೇ ಇಳಿಯುತ್ತೇನೆ, ಮತ್ತು ಜೂನ್ ಶುರುವಾಗುವ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಕ್ಯಾಲಿಪರ್ ಬಿಚ್ಚಿ ಪಿನ್ನುಗಳನ್ನು ಒರೆಸುತ್ತೇನೆ.