ಚಾಳಿನ ಒಂದೇ ಕೋಣೆಯಲ್ಲಿ ಕೋವಿಡ್ ಆರೈಕೆ

ಮುಂಬೈನ ಧಾರಾವಿ, ಪರೇಲಿನ ಚಾಳುಗಳಲ್ಲಿ, ಅಂದರೆ ಒಂದೊಂದೇ ಕೋಣೆಯ ಮನೆಗಳಿರುವ ವಠಾರಗಳಲ್ಲಿ, ರೋಗಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಇರುವ ಜಾಗದಲ್ಲೇ ಗಾಳಿಯ ದಿಕ್ಕು ಸರಿಪಡಿಸಿ. ರೋಗಿಯ ಹಾಸಿಗೆ ಕಿಟಕಿ ಪಕ್ಕಕ್ಕಿರಲಿ, ಟೇಬಲ್ ಫ್ಯಾನ್ ಮುಖ ಕಿಟಕಿಯಾಚೆಗಿರಲಿ. ಫ್ಯಾನನ್ನು ಒಳಮುಖವಾಗಿಟ್ಟರೆ ರೋಗಿಯ ಉಸಿರು ನೇರ ಅಡುಗೆಕಟ್ಟೆಗೇ ಬರುತ್ತದೆ. ಮಳೆಗಾಲದಲ್ಲೂ ಕಿಟಕಿ ಪೂರ್ತಿ ಮುಚ್ಚಬೇಡಿ. ಮಾಸ್ಕ್ ಒದ್ದೆಯಾದರೆ ಬದಲಿಸಿ.

ಸಾರ್ವಜನಿಕ ಶೌಚಾಲಯಕ್ಕೆ ಹೋಗುವಾಗ ಮಾಸ್ಕ್ ಕಡ್ಡಾಯ. ನಲ್ಲಿ, ಚಿಲಕ ಒರೆಸಲು ಬ್ಲೀಚ್ ದ್ರಾವಣ ಸಾಕು: ಬಾಟಲಿಯ ಮೇಲೆ 5% ಎಂದಿದ್ದರೆ 980 ಮಿಲಿ ತಣ್ಣೀರಿಗೆ 20 ಮಿಲಿ. ಒರೆಸಿ 10 ನಿಮಿಷ ಒದ್ದೆಯಾಗಿಯೇ ಬಿಡಿ. ದಿನಾ ಹೊಸದಾಗಿ ಮಾಡಿಕೊಳ್ಳಿ, ಹಳೆಯದು ಸತ್ವ ಕಳೆದುಕೊಳ್ಳುತ್ತದೆ. ಆದರೆ ಅಲ್ಲಿ ಆಸಿಡ್ ಸುರಿದು ತೊಳೆದಿದ್ದರೆ ಬ್ಲೀಚ್ ಮುಟ್ಟಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಅಪಾಯ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ವಿಷಯದಲ್ಲಿ ಅವಸರ ಬೇಡವೇ ಬೇಡ. ನೇಲ್ ಪಾಲಿಶ್ ಅಳಿಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, 5 ನಿಮಿಷ ಸುಮ್ಮನೆ ಕೂರಿಸಿ. ಬೆರಳು ಅಲುಗಿದರೆ ಅಂಕಿ ಕುಣಿಯುತ್ತದೆ, ಅದು ಒಂದು ನಿಮಿಷ ನಿಂತ ಮೇಲೆಯೇ ಬರೆದುಕೊಳ್ಳಿ. ಎರಡು ಸಂಖ್ಯೆಗಳಲ್ಲಿ ಆಮ್ಲಜನಕದ್ದು ಯಾವುದು, ನಾಡಿಯದ್ದು ಯಾವುದು ಎಂದು ಅಜ್ಜಿಗೂ ತೋರಿಸಿಕೊಡಿ. ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ, ಅಥವಾ ಕೋಣೆಯಲ್ಲೇ 6 ನಿಮಿಷ ನಡೆದ ಮೇಲೆ 3 ಅಂಕ ಕುಸಿದರೆ, ತಕ್ಷಣ ಡಾಕ್ಟರಿಗೆ ತಿಳಿಸಿ. ಮಾತನಾಡಲು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಅಂಕಿಗೆ ಕಾಯದೆ 108ಕ್ಕೆ ಕರೆ ಮಾಡಿ.

ತಟ್ಟೆ-ಲೋಟ ಸೋಪು ಹಾಕಿ ತೊಳೆದರೆ ಸಾಕು, ಬಿಸಾಡುವುದೇನೂ ಬೇಕಿಲ್ಲ.