ಫಿಟ್ಸ್ ಐದು ನಿಮಿಷ ದಾಟಿದರೆ: ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಮಾಡುವುದು

ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗೆ ಫಿಟ್ಸ್ ಕೇಸ್ ಬಂದರೆ ನಾನು ಮೊದಲು ಕೇಳುವುದು, 'ಎಷ್ಟೊತ್ತಿಗೆ ಶುರುವಾಯ್ತು?' 'ಈಗ್ತಾನೆ ಸಾರ್' ಅಂದರೂ ಊರಿಂದ ಆಟೊ ಬಂದ ಹೊತ್ತನ್ನು ಸೇರಿಸಿಕೊಳ್ಳುತ್ತೇನೆ. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಸಾಮಾನ್ಯವಾಗಿ ಎರಡು-ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. 5 ನಿಮಿಷ ದಾಟಿದರೆ, ಅಥವಾ ಪ್ರಜ್ಞೆ ಮರಳುವ ಮುಂಚೆ ಇನ್ನೊಂದು ಬಂದರೆ, ಅದು ಸ್ಟೇಟಸ್ ಎಪಿಲೆಪ್ಟಿಕಸ್. 30 ನಿಮಿಷ ದಾಟಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಬಾಗಿಲಿಗೆ ಬಂದಾಗಲೂ ಅದುರುತ್ತಿದ್ದರೆ ಸ್ಟೇಟಸ್ ಎಂದೇ ಲೆಕ್ಕ.

ಪಕ್ಕಕ್ಕೆ ಹೊರಳಿಸಿ ಸಕ್ಷನ್, ಆಕ್ಸಿಜನ್, ಶುಗರ್ ಟೆಸ್ಟ್. ಶುಗರ್ 60ಕ್ಕಿಂತ ಕಡಿಮೆಯಿದ್ದರೆ 25% ಡೆಕ್ಸ್‌ಟ್ರೋಸ್ 100 ಎಂ.ಎಲ್.; ಕುಡಿತದವರಿಗೆ ಜೊತೆಗೆ ಥಯಮಿನ್ 100 ಮಿ.ಗ್ರಾಂ. ಕೈಗೆ ಹಿಡಿಸಿದ ಬೀಗದ ಕೈ ಬಗ್ಗೆ ವಾದಕ್ಕಿಳಿಯುವುದಿಲ್ಲ. ಬಾಯಿಗೆ ಚಮಚ ತುರುಕಲು, ನೀರು ಹಾಕಲು ಮಾತ್ರ ಬಿಡುವುದಿಲ್ಲ.

ಕೆಲಸ ಕೆಡುವುದು ಮೊದಲ ಇಂಜೆಕ್ಷನ್ನಿನಲ್ಲೇ. ಉಸಿರು ನಿಂತೀತೆಂದು, ಫಿಟ್ಸ್ ನಿಲ್ಲಿಸುವ ಲೊರಾಜೆಪಾಮನ್ನು ಬರೀ 1 ಮಿ.ಗ್ರಾಂ ಕೊಟ್ಟು ಕಾಯುವುದು ಎಲ್ಲೆಡೆ ನಡೆಯುತ್ತದೆ. ಉಸಿರಿಗೆ ಔಷಧಿಗಿಂತ ನಿಲ್ಲದ ಫಿಟ್ಸೇ ದೊಡ್ಡ ಅಪಾಯ. ದೊಡ್ಡವರಿಗೆ ನಾನು 4 ಮಿ.ಗ್ರಾಂ ಒಟ್ಟಿಗೇ ನರಕ್ಕೆ, ಎರಡು ನಿಮಿಷದಲ್ಲಿ ನಿಧಾನವಾಗಿ ಕೊಡುತ್ತೇನೆ. ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ತಲೆಯ ಹತ್ತಿರವೇ ಇರುತ್ತದೆ. ನಿಲ್ಲದಿದ್ದರೆ 5 ನಿಮಿಷ ಬಿಟ್ಟು ಇನ್ನೊಂದು ಸಲ, ಅಷ್ಟೇ. ನರ ಸಿಗದಿದ್ದರೆ ಹುಡುಕುತ್ತಾ ಕೂರದೆ ತೊಡೆಯ ಸ್ನಾಯುವಿಗೆ ಅದೇ ಬಗೆಯ ಮಿಡಾಜೋಲಾಮ್: 40 ಕೆ.ಜಿ. ಮೀರಿದವರಿಗೆ 10 ಮಿ.ಗ್ರಾಂ, 13ರಿಂದ 40 ಕೆ.ಜಿ.ಯವರಿಗೆ 5. ಇಲ್ಲಿ ಲೇಬಲ್ ಓದಲೇಬೇಕು. ಎಂ.ಎಲ್.ಗೆ 5 ಮಿ.ಗ್ರಾಂನದಾದರೆ 2 ಎಂ.ಎಲ್. ಸಾಕು, 1 ಮಿ.ಗ್ರಾಂನದಾದರೆ 10 ಎಂ.ಎಲ್. ಚುಚ್ಚಬೇಕಾಗುತ್ತದೆ, ಅದು ಸ್ನಾಯುವಿಗೆ ಆಗದ ಮಾತು. ಲೊರಾಜೆಪಾಮ್ ಫ್ರಿಜ್ಜಿನಲ್ಲೇ ಇರಬೇಕು. ಕರೆಂಟ್ ಪದೇ ಪದೇ ಹೋಗುವ ಕಡೆ ಮಿಡಾಜೋಲಾಮನ್ನೇ ನೆಚ್ಚಿಕೊಳ್ಳುವುದು ಮೇಲು.

ಎರಡನೇ ಔಷಧಿಯನ್ನು ಆಗಲೇ ಬೆರೆಸಲು ಹೇಳಿರುತ್ತೇನೆ. ಲೆವೆಟಿರಾಸೆಟಾಮ್ ಕೆ.ಜಿ.ಗೆ 60 ಮಿ.ಗ್ರಾಂ: 50 ಕೆ.ಜಿ.ಯವರಿಗೆ 3000, ಅಂದರೆ 500ರ ಆರು ವಯಲ್. ಗರಿಷ್ಠ 4500. ಫೆನಿಟಾಯಿನ್ ಒಂದೇ ಇದ್ದರೆ ಕೆ.ಜಿ.ಗೆ 20, ನಾರ್ಮಲ್ ಸಲೈನಿನಲ್ಲಿ ಮಾತ್ರ, ಡೆಕ್ಸ್‌ಟ್ರೋಸಿನಲ್ಲಿ ಹರಳುಗಟ್ಟುತ್ತದೆ. ನಿಮಿಷಕ್ಕೆ 50 ಮಿ.ಗ್ರಾಂ ಮೀರಿದರೆ ಬಿ.ಪಿ. ಕುಸಿಯಬಹುದು, ಹೃದಯದ ಲಯ ತಪ್ಪಬಹುದು. ಐದು ತಿಂಗಳು ದಾಟಿದ ಗರ್ಭಿಣಿ, ಬಾಣಂತಿಯಾಗಿದ್ದು ಬಿ.ಪಿ. ಏರಿ ಬರುವ ಫಿಟ್ಸ್ (ಎಕ್ಲಾಂಪ್ಸಿಯಾ) ಎನಿಸಿದರೆ ದಾರಿಯೇ ಬೇರೆ: ಮೊದಲು ಮೆಗ್ನೀಸಿಯಮ್ ಸಲ್ಫೇಟ್.

ಅದುರುವುದು ನಿಂತ ಮಾತ್ರಕ್ಕೆ ಫಿಟ್ಸ್ ನಿಂತಿತು ಎನ್ನಲಾಗದು. ಅರ್ಧ ಗಂಟೆಯಾದರೂ ಎಚ್ಚರವಾಗದೆ ರೆಪ್ಪೆ ಮಿಡಿಯುತ್ತಿದ್ದರೆ, ಕಣ್ಣು ಒಂದೇ ಕಡೆ ಎಳೆದಿದ್ದರೆ, ಮಿದುಳಿನ ಅಲೆ ನೋಡುವ ಇ.ಇ.ಜಿ., ಐ.ಸಿ.ಯು. ಇರುವಲ್ಲಿಗೆ ಕಳಿಸಬೇಕು. ಪಾವಗಡ, ಶಿರಾ ಕಡೆಯಿಂದ ಬೆಂಗಳೂರಿನ ನಿಮ್ಹಾನ್ಸ್ ದೂರ. ಎರಡನೇ ಔಷಧಿಯ ಡ್ರಿಪ್ ಹಾಕದೆ 108 ಹತ್ತಿಸುವುದಿಲ್ಲ. ರೆಫರ್ ಚೀಟಿಯಲ್ಲಿ ಶುರುವಾದ ಹೊತ್ತು, ಕೊಟ್ಟ ಔಷಧಿ, ಮಿಲಿಗ್ರಾಂ, ಗಂಟೆ ಬರೆಯುತ್ತೇನೆ. ಬರೀ 'ಇಂಜೆಕ್ಷನ್ ಗಿವನ್' ಎಂದಿದ್ದರೆ ಅಲ್ಲಿನವರು ಮೊದಲಿಂದ ಶುರುಮಾಡಬೇಕಾಗುತ್ತದೆ.