ಸ್ತ್ರೀಯರಿಗೆ ಸಭಾಪಾಲನೆಯ ದೀಕ್ಷೆ: ಸಭೆಯಲ್ಲಿ ಚರ್ಚೆ ನಡೆಸುವ ಬಗೆ

ಸ್ತ್ರೀಯರಿಗೆ ಸಭಾಪಾಲಕರಾಗಿ, ಅಂದರೆ ಪಾದ್ರಿಗಳಾಗಿ, ದೀಕ್ಷೆ ಕೊಡಬಹುದೇ ಎಂಬ ಪ್ರಶ್ನೆ ಕ್ರೈಸ್ತ ಸಭೆಯಲ್ಲಿ ಎದ್ದಾಗ ಒಬ್ಬರು ಸ್ತ್ರೀಯು ಉಪದೇಶಿಸಬಾರದೆನ್ನುವ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ತೆರೆಯುತ್ತಾರೆ, ಇನ್ನೊಬ್ಬರು ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎನ್ನುವ, ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ತೆರೆಯುತ್ತಾರೆ, ಹತ್ತು ನಿಮಿಷದಲ್ಲಿ ಧ್ವನಿ ಏರುತ್ತದೆ. ಯಾರ ವಿಷಯವಾಗಿ ಮಾತು ನಡೆದಿದೆಯೋ ಆ ಸ್ತ್ರೀಯರು ಅಷ್ಟು ಹೊತ್ತೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಇಂಥ ಸಭೆಗಳಲ್ಲಿ ಕುಳಿತು, ಕೆಲವನ್ನು ನಾನೇ ನಡೆಸಿ, ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸ್ತ್ರೀದೀಕ್ಷೆಯ ಪರವಾಗಿರುವವನು, ಅದನ್ನು ಮುಚ್ಚಿಡುವುದಿಲ್ಲ. ಆದರೂ ವಿರೋಧಿಸುವವರು ತಮ್ಮ ವಾದವನ್ನು ಇದರಲ್ಲಿ ಗುರುತಿಸಿ, "ಹೌದು, ನಾವು ಹೇಳುವುದು ಇದನ್ನೇ" ಎನ್ನುವಂತಿರಬೇಕು ಎಂಬುದು ನನ್ನ ಆಸೆ.

ಮೊದಲು ನಿಮ್ಮ ಸಭೆ ಎಲ್ಲಿ ನಿಂತಿದೆ ಎಂಬುದನ್ನು ತಿಳಿದುಕೊಳ್ಳಿರಿ

ಎಲ್ಲ ಸಭೆಗಳಲ್ಲೂ ಈ ಚರ್ಚೆ ಒಂದೇ ಅಲ್ಲ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಆದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., 1976ರಲ್ಲಿ ಎಲಿಜಬೆತ್ ಪಾಲ್ ಅವರಿಗೆ ದೀಕ್ಷೆ ಕೊಟ್ಟಿತು. 2013ರಲ್ಲಿ ಇ. ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದ ಬಿಷಪ್ಪರಾದರು. ಹಾಗಾದುದರಿಂದ ಬೆಂಗಳೂರಿನ, ಮಂಗಳೂರಿನ ಅಥವಾ ಧಾರವಾಡದ ಸಿ.ಎಸ್.ಐ. ಸಭೆಯಲ್ಲಿ "ಕೊಡಬಹುದೇ" ಎಂಬ ಪ್ರಶ್ನೆ ನಿಯಮದ ಮಟ್ಟದಲ್ಲಿ ಇತ್ಯರ್ಥವಾಗಿದೆ. ಸ್ಥಳೀಯ ಕಮಿಟಿ ಮತ ಹಾಕಿ ಅದನ್ನು ಬದಲಿಸಲಾರದು. ಅಲ್ಲಿ ಉಳಿದಿರುವುದು ಮನಸ್ಸಿನಲ್ಲಿ ಒಪ್ಪಿಕೊಳ್ಳುವ ಪ್ರಶ್ನೆ. ಬ್ಯಾಪ್ಟಿಸ್ಟ್ ಅಥವಾ ಸ್ವತಂತ್ರ ಸಭೆಯಲ್ಲಿ ಸಾಮಾನ್ಯವಾಗಿ ಸ್ಥಳೀಯ ಸಭೆಯೇ ತೀರ್ಮಾನಿಸುತ್ತದೆ, ಆದುದರಿಂದ ಅಲ್ಲಿ ಚರ್ಚೆಯ ಕೊನೆಗೆ ನಿಜವಾದ ನಿರ್ಣಯವೊಂದು ಬರಬೇಕಾಗುತ್ತದೆ. ಕಥೋಲಿಕರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ 1994ರ ಮೇ 22ರಂದು ಹೊರಡಿಸಿದ ಪತ್ರದಲ್ಲಿ, ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗೆ ಇಲ್ಲ ಎಂದು ಹೇಳಿದರು. ಅಲ್ಲಿ ಧರ್ಮಕೇಂದ್ರವೊಂದರ ಕೂಟ ಮಾಡಬಹುದಾದದ್ದು ಆ ಬೋಧನೆಯನ್ನು ಅರ್ಥಮಾಡಿಕೊಳ್ಳುವುದು ಮತ್ತು ಅದರ ಬಗ್ಗೆ ಪ್ರಾಮಾಣಿಕವಾಗಿ ಮಾತಾಡುವುದು. ನಿಮ್ಮ ಕೈಯಲ್ಲಿ ಯಾವ ತೀರ್ಮಾನ ಇದೆ, ಯಾವುದು ಇಲ್ಲ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಸ್ಪಷ್ಟಪಡಿಸಿರಿ. ಹಾಗೆ ಮಾಡದಿದ್ದರೆ ಜನ ಕೊನೆಯಲ್ಲಿ ಮೋಸಹೋದೆವೆಂದು ಭಾವಿಸುತ್ತಾರೆ.

ದೀಕ್ಷೆ ಎಂದರೇನು ಎಂಬುದನ್ನು ಮೊದಲು ಕೇಳಿರಿ

ಈ ಇಡೀ ಬರಹದಲ್ಲಿ ಒಂದೇ ಸಲಹೆಯನ್ನು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿರಿ: ಸ್ತ್ರೀಯ ವಿಷಯಕ್ಕೆ ಹೋಗುವ ಮೊದಲು ಒಂದು ಪೂರ್ತಿ ಕೂಟವನ್ನು ದೀಕ್ಷೆಯ ವಿಷಯಕ್ಕೆ ಮೀಸಲಿಡಿರಿ. ಒಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಏನಾಗುತ್ತದೆ ಎಂದು ಪ್ರತಿಯೊಬ್ಬರೂ ನಂಬುತ್ತಾರೆ? ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ಮುಂದಿನ ಜಗಳದ ಬಹುಪಾಲು ಅಡಗಿರುತ್ತದೆ.

ಬಲಿಪೂಜೆಯಲ್ಲಿ ಗುರು ಕ್ರಿಸ್ತನ ಸ್ಥಾನದಲ್ಲಿ, ಕ್ರಿಸ್ತನ ಪ್ರತಿರೂಪವಾಗಿ ನಿಲ್ಲುತ್ತಾನೆ ಎಂದು ನಂಬುವವರಿಗೆ ಆ ಪ್ರತಿರೂಪ ಗಂಡಸಾಗಿರಬೇಕೆಂಬುದು ಸಹಜವಾಗಿ ಹೊಳೆಯುತ್ತದೆ, ಮತ್ತು ಯೇಸು ಹನ್ನೆರಡು ಮಂದಿ ಅಪೊಸ್ತಲರನ್ನಾಗಿ ಗಂಡಸರನ್ನೇ ಆರಿಸಿದ್ದು ಅವರಿಗೆ ಆಕಸ್ಮಿಕವೆನಿಸುವುದಿಲ್ಲ. ಅನೇಕ ಬ್ಯಾಪ್ಟಿಸ್ಟರಿಗೆ ಈ ವಾದ ತಟ್ಟುವುದೇ ಇಲ್ಲ. ಅವರ ಆಕ್ಷೇಪ ಅಧಿಕಾರದಿಂದ ಬೋಧಿಸುವುದರ ಬಗ್ಗೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 2000ದ ತಮ್ಮ ನಂಬಿಕೆಯ ಪ್ರಕಟಣೆಯಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೇ ಎಂದು ಬರೆದದ್ದು ಈ ನೆಲೆಯಿಂದ. ದೇವರು ಆಗಲೇ ಕೊಟ್ಟಿರುವ ಕರೆಯನ್ನು ಸಭೆ ಗುರುತಿಸಿ ಬಹಿರಂಗವಾಗಿ ಒಪ್ಪಿಕೊಳ್ಳುವುದೇ ದೀಕ್ಷೆ ಎನ್ನುವವರಿಗಾದರೋ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ: ಕರೆ ಬಂದಿರುವುದು ಕಣ್ಣಿಗೆ ಕಾಣುತ್ತಿರುವಾಗ ಇಲ್ಲವೆನ್ನಲು ನಾವು ಯಾರು? ಒಂದೇ ಪದವನ್ನು ಮೂವರು ಮೂರು ಅರ್ಥದಲ್ಲಿ ಆಡುತ್ತಿದ್ದರೆ ವಚನಗಳನ್ನು ಎಷ್ಟು ಉದ್ಧರಿಸಿದರೂ ಮಾತು ಕೂಡುವುದಿಲ್ಲ. ಆದುದರಿಂದ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟು, "ದೀಕ್ಷೆ ಎಂದರೆ" ಎಂದು ಆರಂಭಿಸಿ ಎರಡು ವಾಕ್ಯ ಬರೆಯಲು ಹೇಳಿರಿ. ಹೆಸರಿಲ್ಲದೆ ಅವುಗಳನ್ನು ಓದಿ ಹೇಳಿರಿ. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕುಳಿತವರು ಇಷ್ಟು ಬೇರೆಬೇರೆ ನಂಬಿದ್ದರೇ ಎಂದು ಆಶ್ಚರ್ಯಪಡುವುದನ್ನು ನಾನು ಕಂಡಿದ್ದೇನೆ.

ಕೆಲವೊಮ್ಮೆ ಅಗತ್ಯವೇ ಈ ಪ್ರಶ್ನೆಯನ್ನು ಬಿಚ್ಚಿಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಂಗ್‌ಕಾಂಗ್ ಜಪಾನಿನ ವಶವಾಗಿ, ಮಕಾವಿನ ಆಂಗ್ಲಿಕನ್ ಸಭೆಗೆ ಪ್ರಭುಭೋಜನ ನಡೆಸಿಕೊಡಲು ಪಾದ್ರಿಯೇ ಇಲ್ಲದಂತಾಯಿತು. ಅಲ್ಲಿ ಸೇವೆಯಲ್ಲಿದ್ದ ಫ್ಲಾರೆನ್ಸ್ ಲಿ ಟಿಮ್ ಓಯ್ ಅವರಿಗೆ ಬಿಷಪ್ ರೊನಾಲ್ಡ್ ಹಾಲ್ 1944ರ ಜನವರಿ 25ರಂದು ಪೂರ್ಣ ದೀಕ್ಷೆ ಕೊಟ್ಟರು. ಯುದ್ಧ ಮುಗಿದ ಮೇಲೆ ವಿವಾದ ಎದ್ದಿತು. ಬಿಷಪ್ಪರಿಗೆ ತೊಂದರೆಯಾಗಬಾರದೆಂದು ಅವರು 1946ರಲ್ಲಿ ತಮ್ಮ ಪರವಾನಗಿಯನ್ನು ಬಿಟ್ಟುಕೊಟ್ಟರು. ದೀಕ್ಷೆಯನ್ನು ಮಾತ್ರ ಅವರು ಎಂದೂ ನಿರಾಕರಿಸಲಿಲ್ಲ. ಈ ಪ್ರಸಂಗವನ್ನು ಕೂಟದಲ್ಲಿ ಹೇಳಿ, ಮಕಾವಿನ ಆ ಸಭೆ ಅವರ ಕೈಯಿಂದ ತೆಗೆದುಕೊಂಡ ರೊಟ್ಟಿ ಪ್ರಭುಭೋಜನವಾಗಿತ್ತೇ ಎಂದು ಕೇಳಿರಿ. ಪ್ರತಿಯೊಬ್ಬರೂ ದೀಕ್ಷೆಯ ಬಗ್ಗೆ ನಿಜವಾಗಿ ಏನು ನಂಬಿದ್ದಾರೆಂಬುದು ಆ ಉತ್ತರದಲ್ಲಿ ಹೊರಗೆ ಬರುತ್ತದೆ.

ವಚನಗಳನ್ನು ಓದುವಾಗ

ಇದಕ್ಕೆ ಎರಡು ಕೂಟಗಳಾದರೂ ಬೇಕು. ಕಷ್ಟದ ವಚನವನ್ನು ಮೊದಲು ಓದಿರಿ. ಅನುಕೂಲವಾದ ವಚನದಿಂದ ಆರಂಭಿಸುವವರನ್ನು ಎದುರಿನವರು ನಂಬುವುದಿಲ್ಲ. 1 ತಿಮೊಥೆಯ 2:12ರಲ್ಲಿ ಸ್ತ್ರೀಯು ಉಪದೇಶಿಸುವುದಕ್ಕಾಗಲಿ ಪುರುಷನ ಮೇಲೆ ಅಧಿಕಾರ ನಡಿಸುವುದಕ್ಕಾಗಲಿ ಅಪ್ಪಣೆಯಿಲ್ಲ ಎಂಬ ಮಾತಿದೆ, ಮುಂದಿನ ವಚನ ಆದಾಮನು ಮೊದಲು ಸೃಷ್ಟಿಯಾದದ್ದನ್ನು ಆಧಾರವಾಗಿ ಹಿಡಿಯುತ್ತದೆ. ವಿರೋಧಿಸುವವರ ಅತ್ಯಂತ ಬಲವಾದ ನೆಲೆ ಇದೇ: ಕಾರಣ ಸೃಷ್ಟಿಯಲ್ಲೇ ಇರುವಾಗ ಅದನ್ನು ತಿಮೊಥೆಯನು ಇದ್ದ ಎಫೆಸ ಪಟ್ಟಣದ ಆ ಕಾಲದ ಪರಿಸ್ಥಿತಿಗೆ ಮಾತ್ರ ಕಟ್ಟಿಹಾಕುವುದು ಹೇಗೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತೇಲಿಸಿ ಬಿಡಬೇಡಿರಿ. ಇನ್ನೊಂದು ಕಡೆ, ಅಧಿಕಾರ ನಡಿಸುವುದು ಎಂಬಲ್ಲಿ ಬಳಸಿರುವ "ಔಥೆಂತೇಯ್ನ್" ಎಂಬ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇಲ್ಲೊಂದೇ ಕಡೆ ಬರುತ್ತದೆ. ಅದು ಸಾಮಾನ್ಯ ಅಧಿಕಾರವೋ ದಬ್ಬಾಳಿಕೆಯೋ ಎಂಬುದರಲ್ಲಿ ಪಂಡಿತರು ಒಂದಾಗಿಲ್ಲ.

ಮುಂದಿನ ಅಧ್ಯಾಯಕ್ಕೆ ಬಂದಾಗ ನಮ್ಮ ಭಾಷೆಯ ಕಡೆಗೆ ಗಮನ ಕೊಡಿರಿ. ಸಭಾಧ್ಯಕ್ಷನಾಗಲು ಬಯಸುವವನು ಎಂದು ಕನ್ನಡದಲ್ಲಿ ಓದಿದ ಕೂಡಲೇ ಕಿವಿಗೆ ಗಂಡಸೇ ಬರುತ್ತಾನೆ, ಏಕೆಂದರೆ ನಮ್ಮ ಕ್ರಿಯಾಪದವೂ ಸರ್ವನಾಮವೂ ಲಿಂಗವನ್ನು ಹೊತ್ತುಕೊಂಡೇ ಬರುತ್ತವೆ. ಗ್ರೀಕಿನ "ತಿಸ್" ಎಂಬ ಸರ್ವನಾಮ "ಯಾರಾದರೂ" ಎಂಬಂತೆ ಇಬ್ಬರಿಗೂ ಸಲ್ಲುತ್ತದೆ. ಆದರೆ ಪ್ರಾಮಾಣಿಕವಾಗಿ ಮುಂದಿನ ವಚನವನ್ನೂ ಓದಬೇಕು, ಅಲ್ಲಿ ಏಕಪತ್ನಿಯುಳ್ಳವನಾಗಿರಬೇಕು ಎಂದಿದೆ. ಅದೇ ಷರತ್ತು 12ನೆಯ ವಚನದಲ್ಲಿ ಸಭಾಸೇವಕರಿಗೂ ಇದೆ, ಹಾಗಿದ್ದೂ ರೋಮಾಪುರ 16:1ರಲ್ಲಿ ಫೊಯಿಬೆ ಎಂಬ ಸ್ತ್ರೀಯನ್ನು ಪೌಲನು ಕೆಂಖ್ರೆಯ ಸಭೆಯ "ದಿಯಾಕೊನೊಸ್" ಎಂದು, ಅಂದರೆ ಸಭಾಸೇವಕರಿಗೆ ಬಳಸಿದ ಅದೇ ಗ್ರೀಕ್ ಪದದಿಂದ, ಕರೆಯುತ್ತಾನೆ. ತನ್ನನ್ನು ಕುರಿತು ಅವನು ಬಳಸುವ ಪದವೂ ಅದೇ. ಅದೇ ಅಧ್ಯಾಯದ 7ನೆಯ ವಚನದ ಯೂನ್ಯ ಎಂಬ ಹೆಸರಿನ ಮೇಲೆ ಸ್ವಲ್ಪ ನಿಲ್ಲಿರಿ. ನಾಲ್ಕನೆಯ ಶತಮಾನದ ಬೋಧಕ ಯೋಹಾನ ಕ್ರಿಸೋಸ್ತೊಮನು ಈಕೆಯನ್ನು ಸ್ತ್ರೀಯೆಂದೇ ತಿಳಿದು, ಅಪೊಸ್ತಲರೆಂಬ ಹೆಸರಿಗೆ ಯೋಗ್ಯಳೆಂದು ಹೊಗಳಿದನು. ನಂತರದ ಕಾಲದ ಕೆಲವು ಮುದ್ರಣಗಳಲ್ಲಿ ಆ ಹೆಸರು ಗಂಡಸಿನದಾಯಿತು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14:34–35 ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕು ಎನ್ನುತ್ತದೆ. ಇದನ್ನು 11:5ರ ಜೊತೆಗೇ ಓದಿರಿ, ಅಲ್ಲಿ ಸ್ತ್ರೀಯು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ತಲೆಗೆ ಮುಸುಕಿರಬೇಕು ಎಂಬ ಸೂಚನೆ ಇದೆ. ಒಂದು ಬುಧವಾರದ ಸಂಜೆ ನಮ್ಮ ಕೂಟದಲ್ಲಿ ಈ ಎರಡನ್ನೂ ಓದಿ ನಾನು ವ್ಯಾಖ್ಯಾನಕ್ಕೆ ತೊಡಗುವಷ್ಟರಲ್ಲಿ, ಎಂದೂ ಮಾತಾಡದ ವಯಸ್ಸಾದ ತಾಯಿಯೊಬ್ಬರು ತಲೆಯ ಮೇಲಿನ ಸೆರಗಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ತೋರಿಸಿ, "ನಾನು ಇದನ್ನು ಹೊದೆಯುವುದು ಈ ವಾಕ್ಯಕ್ಕಾಗಿ. ಹೆಂಗಸು ಸಭೆಯಲ್ಲಿ ಬಾಯಿಯೇ ಬಿಡಬಾರದು ಅಂತಿದ್ದರೆ ಈ ಸೆರಗು ಯಾಕೆ ಬೇಕಿತ್ತಪ್ಪಾ?" ಎಂದು ಕೇಳಿದರು. ನನ್ನ ಟಿಪ್ಪಣಿಯಲ್ಲಿದ್ದ ಅರ್ಧ ಪುಟವನ್ನು ನಾನು ಓದಲಿಲ್ಲ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಆ ಎರಡು ಮೌನದ ವಚನಗಳು 40ನೆಯ ವಚನದ ನಂತರ ಬರುತ್ತವೆ ಎಂಬುದನ್ನು, ಅದರಿಂದ ಅವು ಮೂಲದಲ್ಲಿ ಇದ್ದವೇ ಎಂಬ ಪ್ರಶ್ನೆಯನ್ನು ಕೆಲವರು ಎತ್ತಿದ್ದಾರೆ ಎಂಬುದನ್ನು ಬೇಕಾದರೆ ಹೇಳಿರಿ, ಆದರೆ ಅದನ್ನೇ ಮುಖ್ಯ ವಾದವಾಗಿ ಮಾಡಬೇಡಿರಿ. ವಚನವನ್ನೇ ಕಿತ್ತುಹಾಕುತ್ತಿದ್ದಾರೆ ಎಂಬ ಭಯ ಒಮ್ಮೆ ಬಂದರೆ ಹಿರಿಯರು ಮುಂದೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ.

ಆಡದೆ ಉಳಿಯುವ ಆಕ್ಷೇಪ

ನಮ್ಮ ಕಡೆಯ ಅನೇಕ ಸಭೆಗಳಲ್ಲಿ, ಅದರಲ್ಲೂ ಹಳ್ಳಿಗಳಲ್ಲಿ, ವಿರೋಧದ ಬೇರು ಪೌಲನ ಪತ್ರಿಕೆಗಳಲ್ಲಿ ಇಲ್ಲ. ಮುಟ್ಟಾದ ಹೆಂಗಸು ಪ್ರಭುಭೋಜನದ ಮೇಜನ್ನು ಮುಟ್ಟುವುದು ಹೇಗೆ ಎಂಬ ಸಂಕೋಚ ಹಲವರ ಮನಸ್ಸಿನಲ್ಲಿದೆ, ಗಂಡಸರಲ್ಲೂ ಹೆಂಗಸರಲ್ಲೂ. ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಆಗದು. ಇದನ್ನು ಬೆರೆತ ಕೂಟದಲ್ಲಿ ಮೊದಲ ಬಾರಿಗೆ ಎತ್ತಬೇಡಿರಿ. ಸ್ತ್ರೀಯರ ಕೂಟದಲ್ಲಿ, ಸ್ತ್ರೀಯೊಬ್ಬರೇ ಮುಂದಾಳಾಗಿ, ಮಾರ್ಕ 5ರಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀ ಯೇಸುವಿನ ಉಡುಪನ್ನು ಮುಟ್ಟಿದ ಕಥೆಯನ್ನು ಓದಲಿ. ಯೇಸು ಅವಳನ್ನು ಗದರಲಿಲ್ಲ, ಮಗಳೇ ಎಂದು ಕರೆದನು. ಅದಾದ ಮೇಲೆ ಮಾತು ತಾನಾಗಿ ಬರುತ್ತದೆ, ಮತ್ತು ಅಲ್ಲಿ ಆಡಿದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ದೊಡ್ಡ ಕೂಟಕ್ಕೆ ತರಬಾರದು.

ಪರವಾಗಿರುವವರಿಗೂ ಒಂದು ಎಚ್ಚರಿಕೆ ಬೇಕು. "ಕಾಲ ಬದಲಾಗಿದೆ, ಹೆಂಗಸರು ವಿಮಾನ ಹಾರಿಸುತ್ತಾರೆ" ಎಂಬ ಮಾತು ದೇವರ ವಾಕ್ಯಕ್ಕೆ ಒಳಗಾಗಿರಬೇಕೆಂದು ಬಯಸುವವರ ಮನಸ್ಸನ್ನು ಮುಟ್ಟುವುದಿಲ್ಲ. ಕಾಲಕ್ಕೆ ತಕ್ಕಂತೆ ನಂಬಿಕೆಯನ್ನು ಬದಲಿಸುತ್ತಿದ್ದಾರೆಂಬ ಅವರ ಅನುಮಾನವನ್ನೇ ಅದು ಬಲಪಡಿಸುತ್ತದೆ. ರಾತ್ರಿ ಪ್ರಯಾಣ, ವರ್ಗಾವಣೆ, ಮಕ್ಕಳ ಶಾಲೆ ಇವು ನಿಜವಾದ ಕಷ್ಟಗಳು, ಆದರೆ ಅವು ವ್ಯವಸ್ಥೆಯ ಪ್ರಶ್ನೆಗಳು; ಅವುಗಳನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿರಿ.

ಮತದಾನಕ್ಕೆ ಬಂದಾಗ

ನಿರ್ಣಯದ ಅಧಿಕಾರ ನಿಮ್ಮ ಸಭೆಗಿದ್ದರೆ ಅವಸರ ಮಾಡಬೇಡಿರಿ, ಎಷ್ಟು ಬಹುಮತ ಬೇಕೆಂಬುದನ್ನು ಚರ್ಚೆ ಆರಂಭವಾಗುವ ಮೊದಲೇ ಗೊತ್ತುಮಾಡಿರಿ. ಇಂಗ್ಲೆಂಡಿನ ಸಭೆಯಲ್ಲಿ ಬಿಷಪ್ಪರು, ಪಾದ್ರಿಗಳು, ಸಾಮಾನ್ಯ ಸದಸ್ಯರು ಎಂಬ ಮೂರು ಸದನಗಳಲ್ಲೂ ಮೂರರಲ್ಲಿ ಎರಡು ಭಾಗ ಬೇಕಿತ್ತು. 1992ರ ನವೆಂಬರ್ 11ರಂದು ಸಾಮಾನ್ಯ ಸದಸ್ಯರ ಸದನದಲ್ಲಿ 169 ಮತ ಪರ, 82 ಮತ ವಿರೋಧ; ಪರವಾಗಿದ್ದವರಲ್ಲಿ ಇಬ್ಬರು ಮನಸ್ಸು ಬದಲಿಸಿದ್ದರೆ ಸ್ತ್ರೀದೀಕ್ಷೆ ಬಿದ್ದುಹೋಗುತ್ತಿತ್ತು. 2012ರಲ್ಲಿ ಸ್ತ್ರೀ ಬಿಷಪ್ಪರ ಪ್ರಶ್ನೆ ಅದೇ ಸದನದಲ್ಲಿ ಆರು ಮತಗಳ ಕೊರತೆಯಿಂದ ಸೋತಿತು. ಮರುವರ್ಷ ಅವರು ಎರಡೂ ಕಡೆಯವರನ್ನು ಚಿಕ್ಕ ಗುಂಪುಗಳಲ್ಲಿ ಎದುರುಬದುರು ಕೂರಿಸಿ, ನಿಮಗೆ ಏನು ಬೇಕು, ಏನಿಲ್ಲದೆ ಇರಲಾರಿರಿ ಎಂದು ಕೇಳುತ್ತಾ ಬಂದರು. 2014ರ ಜುಲೈ 14ರಂದು ನಿರ್ಣಯ ಅಂಗೀಕಾರವಾಯಿತು. ಸೋತವರ ಅಭಿಪ್ರಾಯವನ್ನು ಅವರದೇ ಮಾತಿನಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಅದನ್ನು ಅವರಿಗೆ ಓದಿ ಹೇಳಿ ಸಹಿ ತೆಗೆದುಕೊಳ್ಳಿರಿ.

ಸ್ತ್ರೀ ಸಭಾಪಾಲಕರು ನಿಮ್ಮಲ್ಲಿಗೆ ಬರುವುದು ನಿಶ್ಚಯವಾದರೆ ಚಿಕ್ಕದೆಂದು ಕಾಣುವ ಒಂದು ವಿಷಯವನ್ನು ಮುಂಚೆಯೇ ತೀರ್ಮಾನಿಸಿರಿ: ಅವರನ್ನು ಏನೆಂದು ಕರೆಯಬೇಕು? ಗಂಡಸಾದ ಪಾಲಕರಿಗೆ ಅಯ್ಯನವರು ಎನ್ನುವುದು ರೂಢಿ. ಅಮ್ಮನವರು ಎಂದರೆ ಪಾಲಕರ ಹೆಂಡತಿ ಎಂದು ಅನೇಕ ಸಭೆಗಳಲ್ಲಿ ಅರ್ಥವಾಗಿಬಿಟ್ಟಿದೆ, ಹಾಗಾಗಿ ಹೊಸಬರು "ಅಯ್ಯನವರು ಎಲ್ಲಿ?" ಎಂದು ಅವರನ್ನೇ ಕೇಳುವ ಪ್ರಸಂಗ ಬರುತ್ತದೆ. ಕೆಲವರು ಸಭಾಪಾಲಕರೇ ಎಂದು, ಕೆಲವರು ಪಾಸ್ಟರ್ ಎಂದು ಕರೆಯಿಸಿಕೊಳ್ಳಲು ಬಯಸುತ್ತಾರೆ. ಬರುವವರನ್ನೇ ಕೇಳಿ ತಿಳಿದು, ಮೊದಲ ಭಾನುವಾರದ ಪ್ರಕಟಣೆಗಳಲ್ಲಿ ಸಭೆಯ ಕಾರ್ಯದರ್ಶಿಯಿಂದ ಅದನ್ನು ಓದಿಸಿರಿ.